ಹಿಂದುಹಿಂದಕ್ಕೆ ಬೆಟ್ಟ ಹತ್ತಿದ ಕಾರು

ಅಮಲ್ದಾರ್ ಚೆಲುವರಾಜಯ್ಯನವರು ತಪಾಸಣೆ ಮುಗಿಸಿ ಮನೆಗೆ ಹೊರಟಿದ್ದರು. ಬೆಟ್ಟದ ಏರಿನಲ್ಲಿ ಅವರ ಹಳೇ ಕಾರು ಮೂರು ಸಲ ನಿಂತು ಹಿಂದಕ್ಕೆ ಜಾರಿತು. ಡ್ರೈವರ್ ಮಾದಯ್ಯನ ಅತ್ತೆ ಮನೆ ಆ ಬೆಟ್ಟದ ಬುಡದಲ್ಲೇ ಇತ್ತು. ಸಾಹೇಬರಿಗೆ ಗುಮಾನಿ ಬಂತು.

"ಅತ್ತೆ ಮನೆ ಊಟಕ್ಕೆ ಹೂಡಿದ ಆಟ ಇದು. ನನ್ನನ್ನು ಮನೆ ಸೇರಿಸು, ಇಲ್ಲ ನಾಳೆಯಿಂದ ಕೆಲಸಕ್ಕೆ ಬರಬೇಡ!"

ಈ ಏರು ಹತ್ತುವ ಕಸುವು ರಿವರ್ಸ್ ಗೇರಿಗೆ ಮಾತ್ರ ಉಂಟೆಂದು ಮಾದಯ್ಯನಿಗೆ ಗೊತ್ತಿತ್ತು. ಕಾರಿನ ಮೂತಿಯನ್ನು ಬುಡದ ಕಡೆಗೆ ತಿರುಗಿಸಿದ.

"ಕಳ್ಳ! ಅತ್ತೆ ಮನೆ ಕಡೆಗೇ ತಿರುಗಿಸಿದೆಯಲ್ಲೋ!"

"ಇಲ್ಲ ಬುದ್ಧಿ, ಹಿಂದುಹಿಂದಕ್ಕೇ ಬೆಟ್ಟ ಹತ್ತಿಸ್ತೀನಿ."

"ಅಮಲ್ದಾರ ಬೆನ್ನು ಮುಂದು ಮಾಡಿಕೊಂಡು ಊರಿಗೆ ಹೋಗೋದೇ? ನನ್ನ ಮಾನ ಕಳೆಯೋಕೆ ಯಾರು ಹೇಳಿಕೊಟ್ಟರೋ ನಿನಗೆ? ಜನ ಏನಂದಾರು?"

"ಇನ್ನೇನಂತಾರೆ ಬುದ್ಧಿ? ಮನೆಗೆ ಹೋಗುವಾಗಲೂ ಸಾಹೇಬರ ಮುಖ ಕೆಲಸದ ಕಡೆಗೇ ಅಂತಾರೆ."

ಸಾಹೇಬರು ಅವನನ್ನೇ ದಿಟ್ಟಿಸಿದರು. ಆಮೇಲೆ ಪೇಟ ಸರಿಮಾಡಿಕೊಂಡು ನೆಟ್ಟಗೆ ಕೂತರು. ಕಾರು ಗುರುಗುಟ್ಟುತ್ತ ಬೆಟ್ಟ ಹತ್ತಿತು. ನೆತ್ತಿಯಲ್ಲಿ ಮಾದಯ್ಯ ನಿಟ್ಟುಸಿರು ಬಿಟ್ಟು ಕಾರು ತಿರುಗಿಸಹೋದ.

ಸಾಹೇಬರು ಅವನ ಹೆಗಲು ಹಿಡಿದರು. "ಇರಲಿ ಬಿಡೋ. ಪೇಟೆಬೀದಿ ದಾಟೋವರೆಗೂ ಹೀಗೇ ಹೋಗಲಿ."