ಗಾಡಿ ಮನೆಯಿಂದ ಇಳಿದವನು

ಕಬಿನಿ ಹೊಳೆಯ ಆಚೀಚೆ ದಂಡೆಯ ಊರುಗಳಲ್ಲಿ ಗುರುಪಾದಯ್ಯನವರನ್ನು ಎಲ್ಲರೂ ‘ಗಾಡಿ ಬುದ್ಧಿ’ ಅನ್ನುತ್ತಿದ್ದರು. ಆ ಸೀಮೆಯಲ್ಲಿ ಗುರುಗಳನ್ನು ಜನ ಬುದ್ಧಿ ಎಂದೇ ಕರೆಯುವುದು. ಇವರಿಗೆ ಮಠ ಇರಲಿಲ್ಲ. ಹಳೆಯ ಟೆಂಪೋ ಒಂದರ ಮೇಲೆ ಹಲಗೆ ಹೊಡೆದು ಮಾಡಿದ ಮನೆಯೇ ಅವರ ಮಠ.

ಗೋಡೆಗೆ ಮಡಿಚಿಡುವ ಎರಡು ಹಲಗೆ ಮಂಚ, ಒಂದು ಒಲೆ, ಒಂದು ಬಿಂದಿಗೆ, ಒಂದು ಕಿಟಕಿ. ಬಾಗಿಲು ಹಿಂದುಗಡೆ. ಇಬ್ಬರು ಒಟ್ಟಿಗೆ ಎದ್ದು ನಿಂತರೆ ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ ತಿವಿಯುತ್ತಿತ್ತು.

ನಾಗಮಲ್ಲ ಶಿಷ್ಯನಾಗಿ ಬಂದ ಹೊಸದರಲ್ಲಿ ತಲೆ ಬಡಿಸಿಕೊಳ್ಳದ ದಿನವೇ ಇರಲಿಲ್ಲ.

“ಬುದ್ಧಿ, ಇದು ಮನೆಯೋ, ಪೆಟ್ಟಿಗೆಯೋ?” ಎಂದು ಒಂದು ದಿನ ಹಣೆ ಉಜ್ಜಿಕೊಳ್ಳುತ್ತ ಕೇಳಿದ.

“ನಾನು ನಿಂತಾಗ ನೀನು ಕೂತ್ಕೊ. ನಾನು ಕೂತಾಗ ನೀನು ನಿಲ್ಲು. ಆಮೇಲೆ ಹೇಳು.”

ಹಾಗೆ ಮಾಡಿದ ಮೇಲೆ ಮನೆಯಲ್ಲಿ ಜಾಗ ಸಿಕ್ಕಿತು. ಹಣೆಯ ಬುಗುಟೂ ಇಳಿಯಿತು.

ಗಾಡಿ ಓಡಿಸುವುದು ನಾಗಮಲ್ಲನ ಕೆಲಸ. ಯಾವ ದಾರಿ ಎಂದು ಗುರುಗಳು ಹೇಳುತ್ತಿರಲಿಲ್ಲ. “ನಿನಗೆ ಎತ್ಲಾಗೆ ತೋಚುತ್ತೋ ಅತ್ಲಾಗೆ ಹೋಗಪ್ಪ” ಅನ್ನುವರು. ಅವರ ಕಟ್ಟಳೆ ಒಂದೇ ಒಂದು. ಗಾಡಿ ನಿಲ್ಲಿಸಿದಾಗ ಬಾಗಿಲು ಊರ ಕಡೆಗೆ ಇರಬೇಕು, ಊರಿಗೆ ಬೆನ್ನು ಹಾಕಬಾರದು.

ಬಾಗಿಲು ಊರ ಕಡೆಗಿದ್ದರೆ ಜನ ಬಂದೇ ಬರುತ್ತಾರೆ. ಬಿಸಿಲಿಗೆ ದಣಿದವರು, ಮೈ ಸರಿಯಿಲ್ಲದವರು, ಸುಮ್ಮನೆ ಮನೆ ನೋಡಲು ಬಂದವರು. ಮೂರನೆಯವರು ಒಳಗೆ ಬಂದರೆ ಇದ್ದವರಲ್ಲಿ ಒಬ್ಬರು ಇಳಿಯಲೇಬೇಕು. ಇಳಿಯುತ್ತಿದ್ದವರು ಯಾವಾಗಲೂ ಗುರುಗಳು. ಬಂದವರನ್ನು ತಮ್ಮ ಜಾಗದಲ್ಲಿ ಕೂರಿಸಿ, ಚಾಪೆ ಸುತ್ತಿಕೊಂಡು ಹೋಗಿ ಮರದಡಿ ಹಾಸಿಕೊಳ್ಳುವರು.

ನಾಗಮಲ್ಲನಿಗೆ ಇದನ್ನು ನೋಡಿದರೆ ಸಂಕಟ.

“ನೀವ್ಯಾಕೆ ಬುದ್ಧಿ? ನಾನು ಇಳೀತೀನಿ.”

“ನಿನಗೆ ಇಳಿಯೋಕೆ ಇನ್ನೂ ಬರಲ್ಲ ಕಣಪ್ಪ.”

ನಾಗಮಲ್ಲ ಬಾಗಿಲ ಬಳಿ ಹೋಗಿ ನೋಡಿದ. ಇದ್ದದ್ದು ಒಂದೇ ಮೆಟ್ಟಿಲು. ಅದನ್ನು ಇಳಿಯಲು ಬರದೇ ಇರುವಂಥದ್ದು ಏನಿದೆ ಎಂದು ಅವನಿಗೆ ಅರ್ಥವಾಗಲಿಲ್ಲ.

ಒಂದು ದಿನ ಹೊಳೆ ದಂಡೆಯಲ್ಲಿ ಗಾಡಿ ನಿಂತಿದ್ದಾಗ ಪೇಟೆಯ ಹೆಂಗಸೊಬ್ಬಳು ಸ್ಕೂಟರಿನಲ್ಲಿ ಬಂದಳು. ತನಗೂ ಇಂಥದೇ ಮನೆ ಕಟ್ಟಿಸಿಕೊಂಡು ಊರೂರು ತಿರುಗುವ ಆಸೆ, ಒಮ್ಮೆ ನೋಡಬಹುದಾ ಎಂದು ಕೇಳಿದಳು. ಗುರುಗಳು ಇಳಿದು ಜಾಗ ಕೊಟ್ಟರು. ನಾಗಮಲ್ಲ ಹುರುಪಿನಿಂದ ಮಂಚ ಬಿಚ್ಚಿ ತೋರಿಸಿದ, ಮಡಿಚಿ ತೋರಿಸಿದ.

“ಇಷ್ಟರಲ್ಲೇ ಹೇಗೆ ಇರ್ತೀರಿ?”

“ಇಷ್ಟು ಧಾರಾಳವಾಯ್ತು ಕಣಮ್ಮ. ಬೇರೆಯವರ ಮನೆ ಕಟ್ಟಿದ ಕಡೇನೇ ಬಿದ್ದಿರುತ್ತೆ. ನಮ್ಮನೆ ಎಲ್ಲಿಗೆ ಬೇಕಾದ್ರೂ ಹೋಗುತ್ತೆ.” ಹೇಳುವಾಗ ಅವನಿಗೆ ಜಂಬ ತಡೆಯಲಾಗಲಿಲ್ಲ.

ಮರದಡಿಯಿಂದ ಗುರುಗಳು ಕೇಳಿದರು. “ಎಲ್ಲಿಗೆ ಬೇಕಾದ್ರೂನಾ?”

“ಹೂಂ ಬುದ್ಧಿ. ಎಲ್ಲಿಗೆ ಬೇಕಾದ್ರೂ.”

“ಹಂಗಾದ್ರೆ ನಾಳೆ ತೊರೆಕೊಪ್ಪಲಿಗೆ ಹೋಗಾಣ.”

ನಾಗಮಲ್ಲನ ಕೈಯಲ್ಲಿದ್ದ ಹಲಗೆ ಜಾರಿ ಅವನ ಕಾಲಿನ ಮೇಲೇ ಬಿತ್ತು.

ತೊರೆಕೊಪ್ಪಲು ಅವನ ಹುಟ್ಟೂರು. ಅದರ ಹೆಸರನ್ನು ಅವನು ಗುರುಗಳ ಮುಂದೆ ಎತ್ತಿದ್ದೇ ಇಲ್ಲ. ಆದರೆ ಸುತ್ತಲಿನ ಊರುಗಳನ್ನೆಲ್ಲ ಕಂಡಿದ್ದ ಗಾಡಿ, ಆ ಊರಿನ ಕವಲು ಬಂದಾಗಲೆಲ್ಲ ಎಡಕ್ಕೆ ಹೊರಳುತ್ತಿತ್ತು. ಗುರುಗಳು ಪಕ್ಕದಲ್ಲೇ ಕೂತು ಅದನ್ನು ನೋಡುತ್ತ ಬಂದಿದ್ದರು.

ಮರುದಿನ ಆ ಕವಲಿನಲ್ಲಿ ನಾಗಮಲ್ಲ ಗಾಡಿ ನಿಲ್ಲಿಸಿಬಿಟ್ಟ.

“ನನ್ನ ಕೈಲಾಗಲ್ಲ ಬುದ್ಧಿ. ಅಲ್ಲಿ ನಮ್ಮಕ್ಕ ಅವಳೆ.”

ಗುರುಗಳು ಅವನತ್ತ ತಿರುಗಿ ಕೂತರು. ಅವನೇ ಹೇಳಿದ.

ತಾಯಿ ಹೋದ ಮೇಲೆ ಅವನನ್ನು ಸಾಕಿದವಳು ಅಕ್ಕ ದೇವೀರಮ್ಮ. ಮದುವೆಯಾದ ಮೇಲೂ ಅವನನ್ನು ತನ್ನ ಮನೆಯಲ್ಲೇ ಇಟ್ಟುಕೊಂಡಳು. ಆಮೇಲೆ ಅವಳ ಅತ್ತೆ ಕಾಯಿಲೆ ಬಿದ್ದು ಆ ಮನೆಗೆ ಬಂದರು. ದೇವೀರಮ್ಮ ತಮ್ಮನ ಕೋಣೆಯನ್ನು ಮುದುಕಿಗೆ ಕೊಟ್ಟು, ತಮ್ಮನ ಹಾಸಿಗೆಯನ್ನು ತಂದು ಹೊರಗೆ ಜಗಲಿಯ ಮೇಲೆ ಹಾಸಿದಳು. ಅವತ್ತು ಮನೆ ತುಂಬ ನೆಂಟರು. ಅವನಿಗೆ ಮಾನ ಹೋದಂತಾಯಿತು.

“‘ನಾಯೀನ ಹಾಕ್ದಂಗೆ ಜಗಲಿಗೆ ಹಾಕಿದ್ಯಲ್ಲ, ನಿನ್ನ ಮನೇಲಿ ನನಗೆ ಜಾಗ ಇಲ್ಲ ಅಂತ ಹೇಳ್ಬುಡಬಾರದಾಗಿತ್ತಾ’ ಅಂತ ಅಷ್ಟು ಜನದ ಮುಂದೆ ಕೂಗಾಡಿದೆ ಬುದ್ಧಿ. ಮುದುಕಿಗೆ ಗಂಜಿ ಕುಡಿಸ್ತಾ ಕೂತಿದ್ಲು. ಗಂಜಿ ಲೋಟ ಕೈಲಿ ಹಿಡ್ಕೊಂಡು ನನ್ನೇ ನೋಡಿದ್ಲು. ಅವತ್ತು ಎದ್ದು ಬಂದೋನು.”

ಅವನು ಬಲಗಡೆಯ ದಾರಿಯತ್ತ ನೋಡಿದ.

“ಉಣ್ಣೋಕೆ ಕೂತಾಗೆಲ್ಲ ನೆಪ್ಪಾಯ್ತಾಳೆ. ಯಾವ ಮುಖ ಹೊತ್ಕೊಂಡು ಹೋಗ್ಲಿ?”

ಗುರುಗಳು ಕೇಳಿದರು.

“ಜಗಲಿ ಎಷ್ಟು ಅಗಲ ಇತ್ತು?”

“ಏನು ಬುದ್ಧಿ?”

“ನಿನ್ನ ಹಾಸಿಗೆ ಹಾಸಿದ್ಲಲ್ಲ, ಆ ಜಗಲಿ.”

ನಾಗಮಲ್ಲ ಮನಸ್ಸಿನಲ್ಲೇ ಜಗಲಿ ಅಳೆದ. ಕತ್ತು ತಿರುಗಿಸಿ ಹಿಂದೆ ತನ್ನ ಹಲಗೆ ಮಂಚ ನೋಡಿದ. ಅವನ ಕಿವಿ ಬಿಸಿಯಾಯಿತು.

“ಇದಕ್ಕಿಂತ ಅಗಲ ಇತ್ತು ಬುದ್ಧಿ.”

“ಬಲಕ್ಕೆ ತಿರುಗಿಸಪ್ಪ” ಅಂದರು ಗುರುಗಳು.

ತೊರೆಕೊಪ್ಪಲಿನ ಅಂಚಿನಲ್ಲಿ ಒಂದು ಹೊಂಗೆ ಮರ. ಅದರ ಪಕ್ಕ ನಾಗಮಲ್ಲ ಗಾಡಿ ನಿಲ್ಲಿಸಿದ. ಬಾಗಿಲು ತೊರೆಯ ಕಡೆಗಿತ್ತು, ಹಲಗೆ ಗೋಡೆ ಊರ ಕಡೆಗಿತ್ತು.

“ಹಿಂಗೆ ನಿಲ್ಲಿಸಿದ್ರೆ ಗಾಳಿ ಚೆನ್ನಾಗಿ ಬತ್ತದೆ” ಅಂದ. ಯಾರೂ ಅವನನ್ನು ಕೇಳಿರಲಿಲ್ಲ.

ಇಬ್ಬರೂ ಒಳಗೆ ಕೂತರು. ಸ್ವಲ್ಪ ಹೊತ್ತಿಗೆ ಹೊರಗೆ ಬಳೆ ಸದ್ದಾಯಿತು. ಯಾರೋ ಹಲಗೆ ಗೋಡೆಯನ್ನು ಮೆಲ್ಲಗೆ ತಟ್ಟಿದರು.

“ಗಾಡಿ ಬುದ್ಧಿಯೋರು ಬಂದವ್ರೆ ಅಂದ್ರು. ಮಜ್ಜಿಗೆ ತಂದಿದೀನಿ. ಬಾಗಿಲು ಎತ್ಲಾಗೈತೆ?”

ಚಿಕ್ಕಂದಿನಲ್ಲಿ ಬೀದಿಯ ಕೊನೆಯಿಂದ ನಾಗಮಲ್ಲನನ್ನು ಊಟಕ್ಕೆ ಕೂಗುತ್ತಿದ್ದ ಅಕ್ಕನ ದನಿ ಅದು. ಬೇರೆ ಮನೆಯಾಗಿದ್ದರೆ ಒಳಕೋಣೆಗೆ ಹೋಗಬಹುದಿತ್ತು, ಹಿತ್ತಲಿಗೆ ನುಸುಳಬಹುದಿತ್ತು. ಈ ಮನೆಯಲ್ಲಿ ಬಚ್ಚಿಟ್ಟುಕೊಳ್ಳಲು ಎಲ್ಲಿಯೂ ಜಾಗವಿರಲಿಲ್ಲ. ಅವನು ಕಾಲು ಮಡಿಚಿಕೊಂಡು ಹಲಗೆಯ ಮೂಲೆಗೆ ಮುದುರಿದ.

ಗುರುಗಳು ಎಂದಿನಂತೆ ಚಾಪೆ ಸುತ್ತತೊಡಗಿದರು.

“ಎಲ್ಲಿಗೆ ಬುದ್ಧಿ?” ಎಂದು ನಾಗಮಲ್ಲ ಪಿಸುಗುಟ್ಟಿದ.

“ಮೂರನೆಯವರು ಬಂದವ್ರೆ. ಒಬ್ರು ಇಳೀಬೇಕಲ್ಲಪ್ಪ.”

ನಾಗಮಲ್ಲ ಚಾಪೆಯ ಮೇಲೆ ಕೈ ಇಟ್ಟ.

“ನೀವು ಕೂತ್ಕಳಿ. ನಾನು ಇಳೀತೀನಿ.”

ಈ ಸಲ ಗುರುಗಳು ಬೇಡ ಅನ್ನಲಿಲ್ಲ.

ಆ ಒಂದು ಮೆಟ್ಟಿಲನ್ನು ಬಾಗಿಲು ಹಿಡಿದುಕೊಂಡು ಇಳಿದ. ಗಾಡಿ ಸುತ್ತಿ ಬಂದ. ದೇವೀರಮ್ಮ ಚೊಂಬು ಹಿಡಿದು ಇನ್ನೂ ಗೋಡೆಯ ಮುಂದೆಯೇ ನಿಂತಿದ್ದಳು. ತಲೆ ನರೆತಿತ್ತು.

“ಅಕ್ಕ.”

ಅವಳು ತಿರುಗಿದಳು. ಚೊಂಬು ವಾಲಿ ಮಜ್ಜಿಗೆ ಪಾದದ ಮೇಲೆ ಚೆಲ್ಲಿತು. ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

“ಎಷ್ಟು ಸೊರಗಿದ್ದೀಯೋ” ಅಂದವಳೇ ಅತ್ತುಬಿಟ್ಟಳು.

ನಾಗಮಲ್ಲ ಮಜ್ಜಿಗೆ ಚೆಲ್ಲಿದ ಆ ಕಾಲಿಗೇ ಹಣೆ ಹಚ್ಚಿದ.

“ಬಾ ಅಕ್ಕ, ಒಳಕ್ಕೆ ಬಾ.”

ಕೈ ಹಿಡಿದು ಹತ್ತಿಸಿದ. ತನ್ನ ಹಲಗೆಯ ಮೇಲೆ ಕಂಬಳಿ ಮಡಿಚಿ ಹಾಕಿ ಕೂರಿಸಿದ. ಅವಳು ಗುರುಗಳಿಗೆ ಕೈಮುಗಿದು, ಮನೆಯನ್ನೆಲ್ಲ ಒಂದೇ ನೋಟಕ್ಕೆ ನೋಡಿ ಮುಗಿಸಿದಳು.

“ಇಷ್ಟೇನಾ? ನೀನು ಮಲಗೋದೆಲ್ಲೋ?”

“ನೀನು ಕೂತಿದ್ದೀಯಲ್ಲ, ಅಲ್ಲೇ.”

ದೇವೀರಮ್ಮ ಹಲಗೆಯನ್ನು ಕೈಯಿಂದ ಸವರಿದಳು. ಈ ತುದಿಯಿಂದ ಆ ತುದಿಗೆ ಕೈ ಬೇಗ ಮುಟ್ಟಿತು.

ಇನ್ನು ಅಲ್ಲಿ ನಿಂತರೆ ಅಕ್ಕನ ಮೊಣಕಾಲಿಗೆ ತನ್ನ ಮೊಣಕಾಲು ತಾಗುತ್ತದೆ. ನಾಗಮಲ್ಲ ತನ್ನ ಚಾಪೆ ಎಳೆದುಕೊಂಡು ಮೆಟ್ಟಿಲಿಳಿದ. ಹೊಂಗೆಯ ನೆರಳಿಗೆ ಹೋಗಿ, ಚಾಪೆ ಕೊಡವಿ, ಊರ ಕಡೆಗೆ ಮುಖ ಮಾಡಿ ಹಾಸಿ ಕೂತ.

ಒಳಗಿನಿಂದ ಅಕ್ಕನ ಗಾಬರಿಯ ದನಿ ಹಲಗೆ ದಾಟಿ ಬಂತು.

“ಬುದ್ಧಿ, ಚಾಪೆ ಎತ್ಕೊಂಡು ಮತ್ತೆ ಹೊಂಟ್ನಲ್ಲ! ಎಲ್ಲಿಗೆ ಹೋದ ಅವನು?”

ಗುರುಗಳು ಚೊಂಬಿನಲ್ಲಿ ಉಳಿದ ಮಜ್ಜಿಗೆ ಕುಡಿದು ಕೆಳಗಿಟ್ಟ ಸದ್ದು ಕೇಳಿಸಿತು.

“ಎಲ್ಲೂ ಹೋಗಿಲ್ಲ, ಕೂತ್ಕೊಳವ್ವ. ಜಗಲಿಗೆ ಹೋದ.”