ಎಡ ತಿರುವಿನಲ್ಲಿ ನಿಲ್ಲದ ಕಾರು

"ಗುರುಗಳೇ, ಜಪ ಮಾಡಿದೆ, ಉಪವಾಸ ಮಾಡಿದೆ, ಮೌನವನ್ನೂ ಹಿಡಿದು ನೋಡಿದೆ. ಆದರೂ ಮನಸ್ಸು ಹಿಡಿತಕ್ಕೆ ಬರುತ್ತಿಲ್ಲ. ನನ್ನಲ್ಲಿ ಯಾವ ಭಾಗ ಕೆಟ್ಟಿದೆ?" ಎಂದು ಶಿಷ್ಯ ಕೇಳಿದ.

ಗುರುಗಳು ಸನ್ಯಾಸಿಯಲ್ಲ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತರಾದವರು. ಸಂಜೆ ಅವರ ಜಗಲಿಯ ಮೇಲೆ ಬಂದು ಕೂತವರೆಲ್ಲ ಅವರಿಗೆ ಶಿಷ್ಯರೇ. ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಅವರಿಗೆ ಹಬ್ಬ. ಉತ್ತರ ಚಿಕ್ಕದಾಗಿರಬಹುದು, ಅದಕ್ಕೆ ಮುಂಚಿನ ಕತೆ ಮಾತ್ರ ಎಂದೂ ಚಿಕ್ಕದಾಗುತ್ತಿರಲಿಲ್ಲ. "ಭಾಗ ಕೆಟ್ಟಿದೆ ಅಂತೀಯಾ? ಹಾಗಾದರೆ ಕೇಳು" ಎಂದು ಕಾಲು ಮಡಚಿ ಕೂತು ಶುರು ಮಾಡಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಹತ್ತಿರ ಒಂದು ಹಳೆಯ ಸ್ಪೋರ್ಟ್ಸ್ ಕಾರು ಇತ್ತು. ಮೇಲೆ ಚಾವಣಿ ಇಲ್ಲ, ಹಿಂದೆ ಸೀಟಿಲ್ಲ, ಇಬ್ಬರಿಗೆ ಮಾತ್ರ ಜಾಗ. ಎಷ್ಟು ತಗ್ಗು ಅಂದರೆ, ಕೂತವನು ಕೈ ಚಾಚಿದರೆ ರಸ್ತೆಯ ಮೇಲಿನ ಕಲ್ಲನ್ನು ಎತ್ತಿಕೊಳ್ಳಬಹುದು. ಅಂಥ ಕಾರಿನಲ್ಲಿ ನೇರ ರಸ್ತೆಯ ವೇಗ ದೊಡ್ಡ ವಿಷಯವೇ ಅಲ್ಲ, ವೇಗವಾಗಿ ಯಾರು ಬೇಕಾದರೂ ಹೋಗುತ್ತಾರೆ. ತಿರುವಿನಲ್ಲಿ ರಸ್ತೆಯನ್ನು ಕಚ್ಚಿ ಹಿಡಿದರೆ ಅದು ಕಾರು. ಇಲ್ಲದಿದ್ದರೆ ಬಣ್ಣ ಹೊಡೆದ ತಗಡು.

ವ್ಯಾಪಾರಿಗೆ ಒಬ್ಬ ಗೆಳೆಯ. ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಭಾನುವಾರ ಬೆಳಗ್ಗೆ ಇಬ್ಬರೂ ಆ ಕಾರಿನಲ್ಲಿ ಊರಾಚೆಯ ಘಾಟಿ ಹತ್ತುವುದು ವಾಡಿಕೆ. ವ್ಯಾಪಾರಿ ಬಲಗಡೆ ಕೂತು ಓಡಿಸುವನು. ಮೇಷ್ಟ್ರು ಎಡಗಡೆ ಕೂತು, ಮುಂದೆ ಬರುವ ತಿರುವನ್ನು ಕೂಗಿ ಹೇಳುವರು. ಆ ಘಾಟಿ ಅವರಿಗೆ ಬಾಯಿಪಾಠ. ಎಡ ತಿರುವು ಬಂತೆಂದರೆ ಮೈಯನ್ನೇ ಬಾಗಿಲಿನಾಚೆ ಬಾಗಿಸಿಬಿಡುತ್ತಿದ್ದರು. ಮೇಲೆ ಹತ್ತಿ ಏನು ಮಾಡುತ್ತಿದ್ದರು ಅಂತೀಯಾ? ಏನೂ ಇಲ್ಲ. ಒಂದು ಲೋಟ ಚಹಾ ಕುಡಿದು ಇಳಿಯುತ್ತಿದ್ದರು.

ಒಂದು ಭಾನುವಾರ ಒಂದು ಬಲ ತಿರುವಿನಲ್ಲಿ ಕಾರು ದಾರಿ ಬಿಟ್ಟು ಚರಂಡಿಯ ಅಂಚಿಗೆ ಹೋಗಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ನೀವು ಹೇಳಿದ್ದು ತಡವಾಯಿತು ಎಂದ ವ್ಯಾಪಾರಿ. ಹೇಳಿದ್ದು ಹೊತ್ತಿಗೇ, ಕೇಳಿಸಿಕೊಂಡದ್ದು ತಡ ಎಂದರು ಮೇಷ್ಟ್ರು. ಮಾತಿಗೆ ಮಾತು ಬೆಳೆಯಿತು. ಎಣ್ಣೆಯ ಬಗ್ಗೆ, ಚಿತ್ರದ ಬಗ್ಗೆ, ಇಬ್ಬರ ಅಪ್ಪಂದಿರ ಬಗ್ಗೆಯೂ ಮಾತು ಬಂತು. ಕಡೆಗೆ ವ್ಯಾಪಾರಿ, "ಹಾಗಾದರೆ ಇಳೀರಿ" ಎಂದುಬಿಟ್ಟ. ಮೇಷ್ಟ್ರು ಇಳಿದರು. ಬಾಗಿಲನ್ನು ಸದ್ದಾಗದಂತೆ ಹಾಕಿ, ಘಾಟಿಯ ರಸ್ತೆಯಲ್ಲಿ ನಡೆದು ಹೋದರು. ಧಡಾರನೆ ಹಾಕಿದ್ದರೆ ಜಗಳ ಅಲ್ಲಿಗೇ ಮುಗಿಯುತ್ತಿತ್ತೋ ಏನೋ.

ಇಬ್ಬರ ಮನೆಗೂ ನಡುವೆ ಇದ್ದದ್ದು ಒಂದೇ ಬೀದಿ. ಇಳಿಸಿದವನು ಬರಲಿ ಎಂದು ಅವರು ಕೂತರು. ಇಳಿದು ಹೋದವರು ಬರಲಿ ಎಂದು ಇವನು ಕೂತ. ಮಕ್ಕಳ ಮದುವೆಗಳಾದವು. ಕರೆಯೋಲೆ ಬೇರೆಯವರ ಕೈಯಲ್ಲಿ ಹೋಯಿತು, ಮುಯ್ಯಿ ಬೇರೆಯವರ ಕೈಯಲ್ಲಿ ಬಂತು. ಕಾರು ಕೊಟ್ಟಿಗೆಯಲ್ಲಿ ನಿಂತಿತ್ತು.

ವಯಸ್ಸಾಗಿ, ಅಂಗಡಿಯನ್ನು ಸೊಸೆಗೆ ಒಪ್ಪಿಸಿದ ಮೇಲೆ ವ್ಯಾಪಾರಿಗೆ ಒಂದೇ ಆಸೆ ಉಳಿಯಿತು. ಘಾಟಿಯನ್ನು ಮೊದಲಿನ ಹಾಗೆ ಒಮ್ಮೆ ಹತ್ತಬೇಕು. ಆ ತಿರುವುಗಳು ಅವನಿಗೆ ಕೂತಲ್ಲಿ ನಿಂತಲ್ಲಿ ನೆನಪಾಗುತ್ತಿದ್ದವು. ಊಟದ ತಟ್ಟೆಯ ಅಂಚನ್ನು ಕಂಡರೂ ಘಾಟಿಯೇ ಕಾಣುತ್ತಿತ್ತು. ಕಾರನ್ನು ಹೊರಗೆ ತೆಗೆದ. ಒಬ್ಬನೇ ಹೋದ. ಬಲ ತಿರುವಿನಲ್ಲಿ ಕಾರು ಹೇಳಿದಂತೆ ಕೇಳಿತು. ಎಡ ತಿರುವಿನಲ್ಲಿ ಬಲಕ್ಕೆ ವಾಲಿ, ಮೂತಿಯನ್ನು ರಸ್ತೆಯ ಹೊರಗೆ ಒಯ್ದಿತು.

ರಬ್ಬರು ಗಟ್ಟಿಯಾಗಿದೆ ಎಂದ ಗ್ಯಾರೇಜಿನ ಮೆಕ್ಯಾನಿಕ್ಕು. ಟೈರು ಬದಲಾಯಿಸಿದರು. ಎಡ ತಿರುವಿನಲ್ಲಿ ಅದೇ ಕತೆ. ಶಾಕ್ ಅಬ್ಸಾರ್ಬರು ಸತ್ತಿದೆ ಎಂದರು, ಹೊಸದು ಹಾಕಿದರು. ಅದೇ ಕತೆ. ಬುಷ್ ಸವೆದಿದೆ ಎಂದರು. ಬುಷ್ ಅಂದರೆ ಕಬ್ಬಿಣಕ್ಕೂ ಕಬ್ಬಿಣಕ್ಕೂ ಜಗಳ ಆಗದಿರಲಿ ಅಂತ ನಡುವೆ ಇಡುವ ರಬ್ಬರಿನ ಬಳೆ. ಅದೂ ಹೊಸದಾಯಿತು. ಸ್ಟೀರಿಂಗು ಬಿಚ್ಚಿದರು, ಬಿಗಿ ಮಾಡಿದರು. ನೋಡು, ಬಿಚ್ಚಿದ ಭಾಗ ಪ್ರತಿ ಸಲವೂ ನಿಜವಾಗಿಯೇ ಸವೆದಿರುತ್ತಿತ್ತು. ಮೋಸ ಇದ್ದದ್ದೇ ಅಲ್ಲಿ. ಯಾವುದೂ ಸವೆಯದೇ ಇದ್ದಿದ್ದರೆ ವ್ಯಾಪಾರಿ ಬೇರೆ ಏನನ್ನಾದರೂ ಯೋಚಿಸುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಘಾಟಿಯ ಬುಡದಲ್ಲಿ ಹೂವಿನ ಸಾಕಮ್ಮ ಬಸ್ಸು ತಪ್ಪಿಸಿಕೊಂಡು ನಿಂತಿದ್ದಳು. ಮೇಲಿನ ಹಳ್ಳಿಗೆ ಹೂವು ಒಯ್ಯಬೇಕಿತ್ತು. ತುಂಬಿದ ಮೈಯ ಹೆಂಗಸು. ವ್ಯಾಪಾರಿ ಕರೆದ. ಅವಳು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾವ ಜನ್ಮದ ಪಾಪವೋ ಎಂದುಕೊಳ್ಳುತ್ತ ಆ ತಗ್ಗಿನಲ್ಲಿ ಕೂತಳು. ಎಡ ತಿರುವು ಬಂತು. ವ್ಯಾಪಾರಿ ಹಲ್ಲು ಕಚ್ಚಿದ. ಕಾರು ಸೂಜಿಯಲ್ಲಿ ನೂಲು ಹೋದ ಹಾಗೆ ಹೋಯಿತು. ಮುಂದಿನದೂ ಹಾಗೆಯೇ. ಅವನು ನಂಬಲಾಗದೆ, ಕಾರು ಹೇಗೆ ಹೋಗುತ್ತಿದೆ ಎಂದು ಅವಳನ್ನೇ ಕೇಳಿದ.

"ಹೋಗೋದೇನೋ ಚೆನ್ನಾಗೇ ಹೋಯ್ತದೆ ಕಣಪ್ಪ. ಘಾಟಿ ನೆಲ ಎಲ್ಲಾ ನನ್ನ ಸೆರಗೇ ಗುಡಿಸ್ತು, ಅಷ್ಟೇ" ಎಂದಳು ಸಾಕಮ್ಮ.

ಅವಳನ್ನು ಇಳಿಸಿ ಒಬ್ಬನೇ ಹಿಂದಿರುಗುವಾಗ, ಮೊದಲ ಎಡ ತಿರುವಿನಲ್ಲೇ ಕಾರು ಮತ್ತೆ ಹೊರಗೆ ಓಡಿತು. ವ್ಯಾಪಾರಿ ನೇರವಾಗಿ ಗ್ಯಾರೇಜಿಗೆ ಹೋಗಿ ನಡೆದದ್ದನ್ನು ಹೇಳಿದ.

ಮೆಕ್ಯಾನಿಕ್ಕು ಅವನನ್ನು ಸೀಟಿನಿಂದ ಏಳಿಸಲಿಲ್ಲ. ಚಕ್ರದ ಮೇಲಿನ ಸಂದಿಯಲ್ಲಿ ಕೈ ಇಟ್ಟು ನೋಡಿದ. ಬಲಗಡೆ ಬೆರಳು ತೂರಲಿಲ್ಲ. ಎಡಗಡೆ ಮುಷ್ಟಿಯೇ ತೂರಿತು. ಇಷ್ಟು ದಿನ ಖಾಲಿ ಕಾರನ್ನೇ ನೋಡಿ ಕೆಟ್ಟೆ ಎಂದು ತನ್ನನ್ನು ತಾನೇ ಬೈದುಕೊಂಡು, ವಿಷಯ ಬಿಡಿಸಿ ಹೇಳಿದ. ಇಂಥ ಹಗುರ ಕಾರಿನ ಸ್ಪ್ರಿಂಗನ್ನು ಹೊಂದಿಸುವಾಗ, ಅದರಲ್ಲಿ ಯಾವಾಗಲೂ ಕೂರುವವರನ್ನೇ ಕರೆದು ಕೂರಿಸಿಕೊಳ್ಳುವುದು ಹಿಂದಿನವರ ಪದ್ಧತಿ. ಈ ಕಾರನ್ನು ಇಬ್ಬರ ಭಾರಕ್ಕೆ ಹೊಂದಿಸಿದ್ದಾರೆ. ಎಡಗಡೆ ಆ ಭಾರ ಇಲ್ಲದಿದ್ದರೆ ಇದು ಮೊದಲೇ ಬಲಕ್ಕೆ ವಾಲಿರುತ್ತದೆ, ಎಡ ತಿರುವಿನಲ್ಲಿ ಇನ್ನಷ್ಟು ವಾಲಿ ಹೊರಗೆ ಓಡುತ್ತದೆ.

ವ್ಯಾಪಾರಿಗೆ ನೆನಪಾಯಿತು. ಹೌದು, ಸ್ಪ್ರಿಂಗು ಹೊಂದಿಸಿದ ದಿನ ಅವನೂ ಮೇಷ್ಟ್ರೂ ಗ್ಯಾರೇಜಿನಲ್ಲಿ, ನಿಂತ ಕಾರಿನಲ್ಲಿ, ಕಲ್ಲಿನ ಬಸವಗಳ ಹಾಗೆ ಕೂತಿದ್ದರು. ಅಲ್ಲಾಡಬೇಡಿ ಅಂದಷ್ಟೂ ಮೇಷ್ಟ್ರಿಗೆ ನಗು. ಅವರು ನಕ್ಕರೆ ಇವನಿಗೂ ನಗು. ಸ್ಪ್ರಿಂಗು ಕುಣಿಯುತ್ತಿತ್ತು. ಇಬ್ಬರೂ ಬೈಸಿಕೊಂಡಿದ್ದರು.

"ಅದಕ್ಕೇನಂತೆ, ನಿಮ್ಮ ಒಬ್ಬರಿಗೇ ಹೊಂದಿಸಿ ಕೊಡ್ತೀನಿ. ಊಟದ ಹೊತ್ತಿಗೆ ಮುಗಿಯುತ್ತೆ" ಎಂದ ಮೆಕ್ಯಾನಿಕ್ಕು.

"ಬೇಡ" ಎಂದ ವ್ಯಾಪಾರಿ.

ಹಾಗಾದರೆ ಒಂದು ಮೂಟೆ ಮರಳನ್ನಾದರೂ ಇಟ್ಟುಕೊಳ್ಳಿ ಎಂದು ಅವನೇ ತುಂಬಿಸಿ ಕೊಟ್ಟ. ಮರುದಿನ ವ್ಯಾಪಾರಿ ಮೂಟೆಯನ್ನು ಕೂರಿಸಿಕೊಂಡು ಘಾಟಿ ಹತ್ತಿದ. ಕಾರು ಒಂದು ಗೆರೆ ಆಚೀಚೆ ಹೋಗಲಿಲ್ಲ. ಅವನು ಬಯಸಿದ್ದು ಅದೇ. ಆದರೆ ತಿರುವು ಬರುತ್ತಿತ್ತು, ಹೋಗುತ್ತಿತ್ತು, ಮೂಟೆ ಕೂಗುತ್ತಿರಲಿಲ್ಲ. ಅರ್ಧ ದಾರಿಯಲ್ಲಿ ಅವನು ಕಾರು ನಿಲ್ಲಿಸಿದ. ಮೂಟೆಯ ಬಾಯಿ ಬಿಚ್ಚಿ, ಮರಳನ್ನು ರಸ್ತೆಯ ಬದಿಗೆ ಸುರಿದು, ವಾಲುತ್ತ ವಾಲುತ್ತ ಊರಿಗೆ ಇಳಿದು, ಮೇಷ್ಟ್ರ ಮನೆಯ ಮುಂದೆ ಬಂದು ನಿಂತ. ಎಂಜಿನ್ ಆರಿಸಲಿಲ್ಲ.

ಆ ಸದ್ದು ಮೇಷ್ಟ್ರಿಗೆ ಗೊತ್ತಿಲ್ಲದ ಸದ್ದೇ? ಕೋಲೂರಿಕೊಂಡು ಹೊರಗೆ ಬಂದರು. ಗೆಳೆಯನ ಮುಖ ನೋಡಲಿಲ್ಲ. ಕಾರನ್ನು ನೋಡಿದರು.

"ಟೈರು ಹೊಸದು" ಎಂದರು.

"ಎಲ್ಲಾ ಹೊಸದೇ ಮೇಷ್ಟ್ರೇ. ಎಡ ತಿರುವಿನಲ್ಲಿ ಮಾತ್ರ ನಿಲ್ಲೋದಿಲ್ಲ. ಹತ್ತಿ."

ಮೇಷ್ಟ್ರು ಬಾಗಿಲ ಮೇಲೆ ಕೈ ಇಟ್ಟರು. ಬಾಗಿಲು ತೆರೆದು ಒಂದು ಕಾಲನ್ನು ಎತ್ತಿ ಒಳಗಿಡಲು ನೋಡಿದರು. ಮತ್ತೆ ನೋಡಿದರು. ಆಮೇಲೆ ಅದನ್ನು ನೆಲಕ್ಕೆ ಇಳಿಸಿದರು.

"ಇಷ್ಟು ತಗ್ಗಿಗೆ ಇನ್ನು ಈ ಮಂಡಿ ಮಡಚೋದಿಲ್ಲ ಸಾವ್ಕಾರ್ರೇ. ಒಂದು ಸ್ವಲ್ಪ ಮುಂಚೆ ಬರಬಾರದಾಗಿತ್ತೇ?"

ವ್ಯಾಪಾರಿ ಎಂಜಿನ್ ಆರಿಸಿದ. ಅವನು ಸೀಟಿನಿಂದ ಏಳಲಿಲ್ಲ. ಮೇಷ್ಟ್ರು ಬಾಗಿಲಿನಿಂದ ಕೈ ತೆಗೆಯಲಿಲ್ಲ. ಮನೆಗಳ ಮೇಲಿಂದ ಘಾಟಿಯ ನೆತ್ತಿ ಒಂದಿಷ್ಟು ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತ ಇದ್ದರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ಆ ಕಾರು ಸರಿಹೋಗಲೇ ಇಲ್ಲವೇ ಗುರುಗಳೇ?" ಎಂದು ಶಿಷ್ಯ ಕೇಳಿದ.

"ಕಾರು ಹಾಗಿರಲಿ, ನೀನು ಯಾರನ್ನು ಎಲ್ಲಿ ಇಳಿಸಿ ಬಂದೆ?" ಎಂದರು ಗುರುಗಳು.