ಜೋಡಿ ಸಿಗದ ಜಟ್ಟಿ

"ಗುರುಗಳೇ, ನಾಳಿದ್ದು ಪಕ್ಕದ ಮಠದಲ್ಲಿ ವಾದಸಭೆ ಇದೆ. ನಾನು ಹೋಗದಿದ್ದರೆ ಆಗದೇ?" ಎಂದು ಶಿಷ್ಯನೊಬ್ಬ ಕೇಳಿದ.

ಓದಿದ್ದನ್ನೆಲ್ಲ ಬಾಯಿಪಾಠ ಒಪ್ಪಿಸಬಲ್ಲ ಹುಡುಗ ಅವನು. ತನ್ನ ಮಠದಲ್ಲಿ ಅವನೆದುರು ವಾದಕ್ಕೆ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. "ಅಲ್ಲಿ ಸೋತರೆ ಇಷ್ಟು ದಿನದ ಹೆಸರು ಹೋಗುತ್ತದೆ" ಎಂದೂ ಸೇರಿಸಿದ.

ಗುರುಗಳು ನಕ್ಕರು. "ಹೆಸರಿನ ಮೇಲೆ ಅಷ್ಟು ಕಾಳಜಿಯೋ? ಸರಿ, ಕೂತುಕೋ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಜಟ್ಟಿಯಿದ್ದ. ಅವನಷ್ಟು ದೊಡ್ಡ ಆಳು ಸುತ್ತಿನ ಸೀಮೆಯಲ್ಲಿ ಇರಲಿಲ್ಲ. ಗರಡಿಮನೆಯ ಬಾಗಿಲಲ್ಲಿ ಎಲ್ಲರೂ ತಲೆ ಬಾಗಿಸಿ ಒಳಗೆ ಹೋದರೆ, ಅವನು ಸೊಂಟವನ್ನೇ ಬಾಗಿಸಬೇಕಿತ್ತು. ಊರಿನವರು ದಿನಕ್ಕೊಂದು ಮನೆಯಂತೆ ಅವನಿಗೆ ಹಾಲು, ಬಾದಾಮಿ ಕೊಡುತ್ತಿದ್ದರು. ಪರಸ್ಥಳದವರು ಬಂದರೆ ಮೊದಲು ಅವನನ್ನು ತೋರಿಸಿ, ಆಮೇಲೆ ಊರಿನ ಕೆರೆ ತೋರಿಸುತ್ತಿದ್ದರು.

ಯುಗಾದಿಯ ಮರುದಿನ ಅಲ್ಲಿ ಕುಸ್ತಿ ನಡೆಯುತ್ತಿತ್ತು. ಹಿರಿಯರು ಜಟ್ಟಿಗಳನ್ನು ಸಾಲಾಗಿ ನಿಲ್ಲಿಸಿ, ಎತ್ತರ ತೂಕಗಳನ್ನು ಕಣ್ಣಳತೆಯಲ್ಲೇ ನೋಡಿ ಜೋಡಿ ಕಟ್ಟುತ್ತಿದ್ದರು. ಸಮನಲ್ಲದವರನ್ನು ಕಣಕ್ಕೆ ಬಿಡುತ್ತಿರಲಿಲ್ಲ. ನ್ಯಾಯವಾದ ಪದ್ಧತಿಯೇ. ಆದರೆ ಈ ಮಹಾರಾಯನಿಗೆ ಜೋಡಿ ಎಲ್ಲಿಂದ ತರುವುದು? ಅವನ ತಲೆಗೆ ರುಮಾಲು ಸುತ್ತಿ, ಕೈಗೆ ತೆಂಗಿನಕಾಯಿ ಕೊಟ್ಟು, ಕಣದ ಸುತ್ತ ಒಮ್ಮೆ ನಡೆಸಿ ಕಳಿಸುತ್ತಿದ್ದರು. ಜನ ಸಿಳ್ಳೆ ಹೊಡೆಯುತ್ತಿದ್ದರು. ಹೀಗೆ ಹನ್ನೊಂದು ವರ್ಷ ನಡೆಯಿತು. ಅಷ್ಟು ವರ್ಷದಲ್ಲಿ ಅವನು ಒಂದು ಕುಸ್ತಿಯನ್ನೂ ಆಡಿರಲಿಲ್ಲ. ಸೋಲಿಲ್ಲದ ಜಟ್ಟಿ ಎಂಬ ಹೆಸರು ಮಾತ್ರ ಬೆಳೆದಿತ್ತು.

ಮೊದಮೊದಲು ಅವನಿಗೂ ಅದು ಹಿತವಾಗಿತ್ತು. ಬರಬರುತ್ತ ನಾಚಿಕೆಯಾಗತೊಡಗಿತು. ಗರಡಿಯಲ್ಲೂ ಅವನ ಜೊತೆ ಯಾರೂ ಆಡುತ್ತಿರಲಿಲ್ಲ. ಒಬ್ಬನೇ ಬಸ್ಕಿ ಹೊಡೆದು ಮನೆಗೆ ಹೋಗುತ್ತಿದ್ದ. ತನಗೆ ಕುಸ್ತಿ ಬರುತ್ತದೆಯೋ ಇಲ್ಲವೋ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಆಡಿ ನೋಡುತ್ತೇನೆ ಎನ್ನಲು ಭಯ. ತಾನು ಬಿದ್ದರೆ ಅಷ್ಟು ದೊಡ್ಡ ಹೆಸರೂ ಜೊತೆಗೇ ಬೀಳುತ್ತದಲ್ಲ!

ಹನ್ನೆರಡನೆಯ ವರ್ಷ, ರುಮಾಲು ಸುತ್ತಿ ಕಾಯಿ ಕೊಟ್ಟ ಹೊತ್ತಿಗೆ, ಒಬ್ಬ ಹಮಾಲ ಅವನೊಡನೆ ಆಡುತ್ತೇನೆಂದು ಮುಂದೆ ಬಂದ. ಸಂತೆಪೇಟೆಯಲ್ಲಿ ಕಾಳಿನ ಚೀಲ ಹೊರುವವನು. ಜಟ್ಟಿಯ ಎದೆಮಟ್ಟಕ್ಕೂ ಬರುತ್ತಿರಲಿಲ್ಲ. ಇದು ಜೋಡಿಯಲ್ಲ ಎಂದು ಹಿರಿಯರು ಗದರಿಸಿದರು.

ಜಟ್ಟಿ ತನ್ನ ಕೈಯಲ್ಲಿದ್ದ ಕಾಯಿಯನ್ನು ನೋಡಿದ. ಅದನ್ನು ಹಿಡಿದು ಒಂದು ಸುತ್ತು ನಡೆದರೆ ಮುಗಿಯಿತು, ಹೆಸರು ಇನ್ನೊಂದು ವರ್ಷ ಭದ್ರ. ಅವನು ಕಾಯಿಯನ್ನು ಹಿರಿಯರ ಕೈಗೆ ವಾಪಸು ಕೊಟ್ಟು, ಅವರು ತಡೆಯುವ ಮೊದಲೇ ಕಣಕ್ಕೆ ಇಳಿದ.

ಕೈಗೆ ಕೈ ಕೂಡಿತು. ಜಟ್ಟಿ ಮೇಲಿನಿಂದ ಅದುಮಲು ಹೋದ. ಹಮಾಲ ಬಗ್ಗಿ, ಅವನ ಹೊಟ್ಟೆಯ ಕೆಳಗೆ ಹೆಗಲು ಕೊಟ್ಟು, ಚೀಲದಂತೆ ಎತ್ತಿ ಅಂಗಾತ ಕೆಡವಿದ. ಒಂದು ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಜನ ಕಕ್ಕಾಬಿಕ್ಕಿಯಾದರು.

ಗೆದ್ದವನೇ ಸೋತವನ ಬೆನ್ನಿನ ಮಣ್ಣು ಕೊಡವುವುದು ಅಲ್ಲಿಯ ವಾಡಿಕೆ. ಹಮಾಲ ಅಳುಕುತ್ತಲೇ ಕೈ ಚಾಚಿದ.

"ಕೊಡವಬ್ಯಾಡೋ ತಮ್ಮಾ" ಎಂದ ಜಟ್ಟಿ. "ಮನೀಗಿ ಹೋಗಿ ನಮ್ಮವ್ವಗ ತೋರಸ್ತೀನಿ. ಇಷ್ಟು ವರ್ಷಕ್ಕ ಮೊದಲನೇ ಸಲ ಈ ಕಣದಾಗ ಮೈಗೆ ಮಣ್ಣು ಹತ್ತೇತಿ. ಅದಿರ್ಲಿ, ನನ್ನ ಹ್ಯಾಂಗ ಎತ್ತಿದಿ?"

"ಯಣ್ಣಾ, ದಿನಾ ನೂರು ಚೀಲ ಎತ್ತಾಂವ ನಾ. ಭಾರದ ಕೂಡ ಜಗ್ಗಾಡಬಾರದು, ಅದರ ಬುಡಕ್ಕ ಹೋಗಬೇಕು. ನೀ ಮ್ಯಾಲೇ ನಿಂತಿದ್ದಿ."

ಮರುದಿನ ಬೆಳಿಗ್ಗೆ ಜಟ್ಟಿ ಸಂತೆಪೇಟೆಗೆ ಹೋಗಿ ಹಮಾಲನ ಪಕ್ಕದಲ್ಲಿ ನಿಂತ. ಚೀಲದ ಬುಡಕ್ಕೆ ಹೋಗುವುದನ್ನು ಕಲಿತ. ಮಂಡಿ ತರಚಿತು, ಸೊಂಟ ಹಿಡಿಯಿತು. ಊರಿನವರ ಹಾಲು, ಬಾದಾಮಿ ನಿಂತುಹೋಯಿತು. ದುಡಿದು ರೊಟ್ಟಿ ತಿಂದ. ಮುಂದಿನ ಯುಗಾದಿಗೆ ಅವನೊಡನೆ ಆಡಲು ಮೂವರು ಮುಂದೆ ಬಂದರು. ಇವನೂ ಬೀಳುತ್ತಾನೆ ಎಂದು ಗೊತ್ತಾಗಿತ್ತಲ್ಲ, ಯಾರಿಗೂ ಹೆದರಿಕೆಯಿರಲಿಲ್ಲ. ಹಿರಿಯರೂ ಸುಮ್ಮನಿದ್ದರು. ಇಬ್ಬರನ್ನು ಅವನು ಚಿತ್ ಮಾಡಿದ, ಒಬ್ಬನ ಕೈಯಲ್ಲಿ ಬಿದ್ದ. ಮೂರು ಕುಸ್ತಿ ಮುಗಿಸಿ, ಅಡಿಯಿಂದ ಮುಡಿಯವರೆಗೆ ಮಣ್ಣಾಗಿ ಹೊರಗೆ ಬಂದವನ ಮುಖದಲ್ಲಿದ್ದ ಸಂತೋಷವನ್ನು ಊರು ಅದುವರೆಗೆ ಕಂಡಿರಲಿಲ್ಲ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

"ಹಾಗಾದರೆ ನಾನು ಗೆದ್ದು ಬರುತ್ತೇನೆ ಎನ್ನುತ್ತೀರಾ ಗುರುಗಳೇ?" ಎಂದು ಶಿಷ್ಯ ಆಸೆಯಿಂದ ಕೇಳಿದ.

"ಗೆದ್ದರೆ ಯಾರ ಕೈಯಲ್ಲಾದರೂ ಹೇಳಿ ಕಳಿಸು, ಸೋತರೆ ಮಾತ್ರ ನೀನೇ ಓಡಿ ಬಾ, ಅವತ್ತಿನಿಂದ ಪಾಠ ಶುರುಮಾಡೋಣ" ಎಂದರು ಗುರುಗಳು.